ಮೂರು ಮೆಟ್ಟಿಲು, ಮೂರು ಚೀಲ ಸಿಮೆಂಟ್

ನಮ್ಮ ಕಡೆ ಮನೆ ಕಟ್ಟುವವರು ಪಾಯವನ್ನು ನೆಲಮಟ್ಟದಿಂದ ಒಂದೂವರೆ ಎರಡು ಅಡಿ ಮೇಲಕ್ಕೆ ಒಯ್ಯುತ್ತಾರೆ. ಮಳೆನೀರು ಒಳಗೆ ನುಗ್ಗಬಾರದು, ಹುಳಹುಪ್ಪಟೆ ಹರಿದು ಬರಬಾರದು, ಮುಂದಿನ ರಸ್ತೆಗೆ ನಾಳೆ ಮತ್ತೊಂದು ಪದರ ಡಾಂಬರು ಬಿದ್ದರೆ ಮನೆ ತಗ್ಗಿಗೆ ಇಳಿಯಬಾರದು. ಹಾಗೆ ಎತ್ತರಿಸಿದ ಮನೆಗೆ ಮೆಟ್ಟಿಲು ಬೇಕೇ ಬೇಕು. ಆದರೆ ಅದರ ಸರದಿ ಬರುವುದು ಎಲ್ಲ ಮುಗಿದ ಮೇಲೆ. ಗೃಹಪ್ರವೇಶ ಹತ್ತಿರ ಬಂದಾಗ ಅಂಗಳದಲ್ಲಿ ಉಳಿದ ಒಡಕು ಇಟ್ಟಿಗೆ, ಚೂರುಪಾರು ಜಲ್ಲಿ, ಬಾಯಿ ಬಿಚ್ಚಿದ ಸಿಮೆಂಟ್ ಚೀಲ ಎಲ್ಲವನ್ನೂ ಸೇರಿಸಿ ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತಾರೆ. ವರ್ಷ ಕಳೆಯುವುದರೊಳಗೆ ಅಂಚು ಉದುರುತ್ತದೆ, ಮೇಲ್ಮೈ ಹಿಟ್ಟಿಡುತ್ತದೆ, ಗೋಡೆಗೂ ಮೆಟ್ಟಿಲಿಗೂ ನಡುವೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಆಗ ಬೈಗುಳವೆಲ್ಲ ಸಿಮೆಂಟಿಗೆ.

ಸಿಮೆಂಟಿನ ತಪ್ಪು ಅದರಲ್ಲಿ ಬಹಳ ಕಡಿಮೆ. ಮೆಟ್ಟಿಲು ಉಳಿಯುವುದೂ ಹಾಳಾಗುವುದೂ ಅಳತೆಯಿಂದ: ಎಷ್ಟು ಎತ್ತರ, ಎಷ್ಟು ನೀರು, ಎಷ್ಟು ದಿನ. ಈ ಮೂರನ್ನೂ ಮನೆಯವರೇ ನೋಡಿಕೊಳ್ಳಬಹುದು. ನೆಲದ ಮೇಲೆ ಕೂರುವ ಮೂರು ಮೆಟ್ಟಿಲಿಗೆ ತೂಗುವ ಸ್ಲ್ಯಾಬಿಲ್ಲ, ಭಾರ ಹೊರುವ ಕಬ್ಬಿಣದ ಲೆಕ್ಕವಿಲ್ಲ. ಆಳೆತ್ತರಕ್ಕೆ ಏರುವ ಮೆಟ್ಟಿಲು, ಗೋಡೆಯಿಂದ ಚಾಚಿಕೊಂಡ ಮೆಟ್ಟಿಲು ಇವೆಲ್ಲ ಎಂಜಿನಿಯರರ ಪಾಲಿನವು. ಬಾಗಿಲ ಮುಂದಿನ ಮೂರು ಮೆಟ್ಟಿಲು ಮಾತ್ರ ಕಾಂಕ್ರೀಟಿನ ವಿಜ್ಞಾನವನ್ನು ಕೈಯಾರೆ ಕಲಿಯಲು ಹೇಳಿ ಮಾಡಿಸಿದ ಕೆಲಸ.

ಕಾಲಿಗೆ ಗೊತ್ತಿರುವ ಲೆಕ್ಕ

ಒಂದು ನಿಜವಾದ ಲೆಕ್ಕ ಹಿಡಿಯೋಣ. ವರಾಂಡದ ನೆಲ ಅಂಗಳದಿಂದ 60 ಸೆಂ.ಮೀ., ಅಂದರೆ ಎರಡು ಅಡಿ ಮೇಲಿದೆ. ಅದನ್ನು ನಾಲ್ಕು ಸಮಭಾಗ ಮಾಡಿದರೆ ಒಂದೊಂದು ಏರು 15 ಸೆಂ.ಮೀ. ಏರು ನಾಲ್ಕಾದರೂ ಕಟ್ಟಬೇಕಾದ ಮೆಟ್ಟಿಲು ಮೂರೇ. ನಾಲ್ಕನೆಯ ಹೆಜ್ಜೆ ವರಾಂಡದ ಮೇಲೆಯೇ ಬೀಳುತ್ತದೆ. ಮೊದಲ ಸಲ ಲೆಕ್ಕ ಹಾಕುವವರು ಎಡವುವುದೇ ಇಲ್ಲಿ. ‘ಲಾಭ, ನಷ್ಟ, ಲಾಭ’ ಎಂದು ಮೆಟ್ಟಿಲು ಎಣಿಸಿ ಕೊನೆಯದು ಲಾಭಕ್ಕೇ ಬರಬೇಕೆನ್ನುವ ಹಿರಿಯರಿಗೂ ಮೂರು ಒಪ್ಪಿಗೆಯಾಗುತ್ತದೆ.

ಪಾದ ಇಡುವ ಹಾಸು ಎಷ್ಟು ಅಗಲ ಇರಬೇಕು? ಪ್ಯಾರಿಸ್ಸಿನ ರಾಜಮನೆತನದ ವಾಸ್ತುಶಿಲ್ಪ ಅಕಾಡೆಮಿಯ ಮುಖ್ಯಸ್ಥನಾಗಿದ್ದ ಫ್ರಾಂಸ್ವಾ ಬ್ಲಾಂಡೆಲ್ 17ನೇ ಶತಮಾನದಲ್ಲೇ ಇದಕ್ಕೊಂದು ಸೂತ್ರ ಕೊಟ್ಟ. ಸಮತಟ್ಟು ನೆಲದಲ್ಲಿ ಮನುಷ್ಯನ ಹೆಜ್ಜೆ ಆಗಿನ ಫ್ರೆಂಚ್ ಅಳತೆಯಲ್ಲಿ ಎರಡು ಅಡಿ, ಈಗಿನ ಲೆಕ್ಕದಲ್ಲಿ ಸುಮಾರು 65 ಸೆಂ.ಮೀ. ಮೇಲೆ ಹತ್ತುವಾಗ ಪ್ರತಿ ಅಂಗುಲ ಏರಿಗೂ ಮುಂದಿನ ಹೆಜ್ಜೆಯಿಂದ ಎರಡು ಅಂಗುಲ ಕಳೆಯಬೇಕು. ಎತ್ತರದ ಎರಡರಷ್ಟಕ್ಕೆ ಅಗಲ ಕೂಡಿಸಿದರೆ ಒಂದು ಹೆಜ್ಜೆಯಷ್ಟಾಗಬೇಕು ಎಂಬುದು ಅವನ ನಿಯಮ. ಇಂದಿಗೂ 60ರಿಂದ 65 ಸೆಂ.ಮೀ. ಒಳಗೆ ಈ ಮೊತ್ತ ಇದ್ದರೆ ಮೆಟ್ಟಿಲು ಹಿತವೆನಿಸುತ್ತದೆ. 15ರ ಎರಡರಷ್ಟು 30. ಅದಕ್ಕೆ 33 ಸೇರಿಸಿದರೆ 63. ಮೇಸ್ತ್ರಿಯ ಟೇಪಿನಲ್ಲಿ ಹೇಳುವುದಾದರೆ ಆರಿಂಚು ಏರು, ಹದಿಮೂರಿಂಚು ಹಾಸು. ಮನೆಗಳ ಮೆಟ್ಟಿಲಿನ ಏರು 19 ಸೆಂ.ಮೀ. ಮೀರಬಾರದು, ಹಾಸು 25 ಸೆಂ.ಮೀ.ಗಿಂತ ಕಿರಿದಾಗಬಾರದು ಎಂದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತದೆ. ಹೊರಗಿನ ಮೆಟ್ಟಿಲಿಗೆ ಜಾಗದ ಇಕ್ಕಟ್ಟಿಲ್ಲದಿದ್ದರೆ ಈ ಮಿತಿಯ ಅಂಚಿಗೆ ಹೋಗುವ ಅಗತ್ಯವಿಲ್ಲ. ಕೈಯಲ್ಲಿ ಕೊಡ, ಕಂಕುಳಲ್ಲಿ ಮಗು ಇಟ್ಟುಕೊಂಡು ಹತ್ತುವವರಿಗೆ ಅಗಲವಾದ ಹಾಸು, ತಗ್ಗಿನ ಏರೇ ಸುರಕ್ಷಿತ.

ಎತ್ತರಕ್ಕಿಂತ ಮುಖ್ಯವಾದದ್ದು ಎಲ್ಲ ಏರೂ ಒಂದೇ ಸಮ ಇರುವುದು. ಮೆಟ್ಟಿಲು ಹತ್ತುವವರು ಪ್ರತಿ ಮೆಟ್ಟಿಲನ್ನೂ ನೋಡುವುದಿಲ್ಲ. ಮೊದಲ ಒಂದೆರಡು ಹೆಜ್ಜೆಯಲ್ಲಿ ಮಿದುಳು ಎತ್ತರವನ್ನು ಅಂದಾಜಿಸಿ, ಉಳಿದದ್ದನ್ನು ಕಾಲಿಗೆ ಬಿಟ್ಟುಬಿಡುತ್ತದೆ. ಕಾಲು ಶಕ್ತಿ ಉಳಿಸಲು ಅಂಚಿನ ಮೇಲೆ ಒಂದೆರಡು ಸೆಂಟಿಮೀಟರಷ್ಟೇ ಎತ್ತಿ ದಾಟುತ್ತದೆ. ಆ ಅಂತರವನ್ನು ಒಂದು ಮೆಟ್ಟಿಲು ನುಂಗಿದರೆ ಬೆರಳ ತುದಿ ತಗಲುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 36ನೇ ಬೀದಿಯ ಸಬ್‌ವೇ ನಿಲ್ದಾಣದ ಒಂದು ಮೆಟ್ಟಿಲು ಉಳಿದವುಗಳಿಗಿಂತ ಎತ್ತರವಾಗಿತ್ತು, ಅದೂ ಒಂದಿಂಚಿಗಿಂತ ಕಡಿಮೆ. 2012ರಲ್ಲಿ ಒಬ್ಬ ಚಿತ್ರನಿರ್ಮಾಪಕ ಅಲ್ಲಿ ಕ್ಯಾಮೆರಾ ಇಟ್ಟ. ಕಚೇರಿಗೆ ಹೊರಟವರು, ಮಗುವನ್ನು ಎತ್ತಿಕೊಂಡವರು, ಒಬ್ಬರಾದ ಮೇಲೊಬ್ಬರು ಅದೇ ಮೆಟ್ಟಿಲಿಗೆ ಎಡವುವುದು ಅದರಲ್ಲಿ ದಾಖಲಾಯಿತು. ವಿಡಿಯೊ ಹರಡಿದ ಮೇಲೆ ಆ ಮೆಟ್ಟಿಲನ್ನು ಮುಚ್ಚಿ ಸರಿಪಡಿಸಿದರು. ಅಮೆರಿಕದ ಮನೆಗಳ ಕಟ್ಟಡ ಸಂಹಿತೆ ಒಂದೇ ಸಾಲಿನ ಅತಿ ಎತ್ತರದ ಮತ್ತು ಅತಿ ತಗ್ಗಿನ ಏರುಗಳ ನಡುವೆ ಒಂದು ಸೆಂಟಿಮೀಟರಿನಷ್ಟೂ ವ್ಯತ್ಯಾಸ ಒಪ್ಪುವುದಿಲ್ಲ.

ನಮ್ಮ ಮನೆಗಳಲ್ಲಿ ಈ ಸಮತೆ ಕೆಡುವುದು ಕಾಂಕ್ರೀಟ್ ಹಾಕುವಾಗ ಅಲ್ಲ, ಆಮೇಲೆ ಗ್ರಾನೈಟ್ ಕೂರಿಸುವಾಗ. ವರಾಂಡದ ಟೈಲ್ಸ್ ಮೊದಲೇ ಮುಗಿದಿದೆ, ಮೆಟ್ಟಿಲನ್ನು 15, 30, 45 ಸೆಂ.ಮೀ.ಗೆ ಸರಿಯಾಗಿ ಕಟ್ಟಿಯಾಗಿದೆ ಎನ್ನಿ. ಅದರ ಮೇಲೆ ಗಾರೆ ಮತ್ತು ಕಲ್ಲು ಸೇರಿ 4 ಸೆಂ.ಮೀ. ಬಂದರೆ ಮೊದಲ ಏರು 19 ಆಗುತ್ತದೆ, ನಡುವಿನ ಎರಡು 15ರಲ್ಲೇ ಉಳಿಯುತ್ತವೆ, ಕೊನೆಯದು 11ಕ್ಕೆ ಇಳಿಯುತ್ತದೆ. ಆದ್ದರಿಂದ ಹಲಗೆ ಕಟ್ಟುವ ಮುಂಚೆ, ಎಲ್ಲ ಮುಗಿದ ಮೇಲೆ ಬರಬೇಕಾದ ಮಟ್ಟವನ್ನು ಗೋಡೆಯ ಮೇಲೆ ಗೆರೆ ಎಳೆದು ಗುರುತು ಮಾಡಬೇಕು. ಅಲ್ಲಿಂದ 4 ಸೆಂ.ಮೀ. ಕೆಳಗೆ ಕಾಂಕ್ರೀಟಿನ ಗೆರೆ. 11, 26, 41: ಕಟ್ಟಬೇಕಾದ ಎತ್ತರ ಇದು. ಗ್ರಾನೈಟ್ ಬೇಡವೆಂದರೆ ಈ ಕಳೆಯುವ ಲೆಕ್ಕವೂ ಇಲ್ಲ. ಮುಂದಿನ ಲೆಕ್ಕವನ್ನು ಹಾಗೆ ಗ್ರಾನೈಟ್ ಇಲ್ಲದ, 15, 30, 45ರ ಮೆಟ್ಟಿಲಿಗೇ ಹಿಡಿಯುತ್ತೇನೆ.

ಅಡಿಯ ಮಣ್ಣು

ನಾಲ್ಕು ಅಡಿ ಅಗಲದ ಈ ಮೂರು ಮೆಟ್ಟಿಲಿಗೆ ಹಿಡಿಯುವ ಕಾಂಕ್ರೀಟ್ ಸುಮಾರು 0.36 ಘನ ಮೀಟರ್. ಒಂದು ಘನ ಮೀಟರ್ ಕಾಂಕ್ರೀಟ್ 2400 ಕೆ.ಜಿ. ತೂಗುವುದರಿಂದ ಮೆಟ್ಟಿಲಿನ ತೂಕ 850 ಕೆ.ಜಿ. ದಾಟುತ್ತದೆ. ಅದನ್ನು ಹೊರಬೇಕಾದದ್ದು ಅಂಗಳದ ಮಣ್ಣು. ಆ ಮಣ್ಣೋ, ಪಾಯ ಅಗೆದಾಗ ತೆಗೆದು ಮತ್ತೆ ಸಡಿಲವಾಗಿ ತುಂಬಿದ್ದು. ಮನೆಯ ಪಾಯ ಗಟ್ಟಿ ನೆಲದವರೆಗೆ ಇಳಿದಿರುತ್ತದೆ, ಮೆಟ್ಟಿಲು ಮಾತ್ರ ಈ ತುಂಬುಮಣ್ಣಿನ ಮೇಲೆ ಕೂತಿರುತ್ತದೆ. ಒಂದೆರಡು ಮಳೆಗೆ ತುಂಬುಮಣ್ಣು ಕುಸಿಯುತ್ತದೆ, ಮೆಟ್ಟಿಲು ಮುಂದಕ್ಕೆ ವಾಲುತ್ತದೆ. ಗೋಡೆಯ ಬಳಿಯ ಸಂದು ಹುಟ್ಟುವುದು ಹೀಗೆ.

ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನಲ್ಲಿ ಇದರ ಜೊತೆ ಇನ್ನೊಂದು ತೊಂದರೆ. ಎರೆಮಣ್ಣಿನ ಜೇಡಿಯ ಕಣಗಳು ತೆಳು ಹಾಳೆಗಳ ಕಟ್ಟಿನಂತಹ ರಚನೆಯವು. ನೀರು ಆ ಹಾಳೆಗಳ ನಡುವೆ ಹೊಕ್ಕರೆ ಮಣ್ಣು ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಈ ಉಬ್ಬರವಿಳಿತ ಒಂದು ಟನ್ನೂ ಇಲ್ಲದ ಮೆಟ್ಟಿಲನ್ನು ಪ್ರತಿ ಮಳೆಗಾಲದಲ್ಲೂ ಎತ್ತಿ ಇಳಿಸುತ್ತದೆ.

ಪರಿಹಾರ ದುಬಾರಿಯದಲ್ಲ. ಮೆಟ್ಟಿಲಿನ ಜಾಗದಲ್ಲಿ ಸಡಿಲ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆದು, ಗರಸನ್ನು ಗೇಣಿಗಿಂತ ಕಡಿಮೆ ದಪ್ಪದ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಿಮ್ಮಸಿನಿಂದ ಬಡಿಯಬೇಕು. ಒಮ್ಮೆಗೇ ಒಂದಡಿ ತುಂಬಿ ಮೇಲಿಂದ ಬಡಿದರೆ ಪೆಟ್ಟಿನ ಬಲ ಅಡಿಯವರೆಗೆ ಇಳಿಯುವುದೇ ಇಲ್ಲ. ಎರೆನೆಲದಲ್ಲಿ ಇನ್ನಷ್ಟು ಆಳದವರೆಗೆ ಎರೆ ತೆಗೆಯಬೇಕು. ಬಡಿದ ಗರಸಿನ ಮೇಲೆ 10 ಸೆಂ.ಮೀ. ಬೆಡ್ ಕಾಂಕ್ರೀಟ್. ಮನೆಗೂ ಮೆಟ್ಟಿಲಿಗೂ ನಡುವೆ ಅಂಟು ಇರಬಾರದು. ಗೋಡೆಗೆ ಒಂದು ಸೆಂ.ಮೀ. ದಪ್ಪದ ಥರ್ಮೋಕೋಲ್ ಹಾಳೆ ನಿಲ್ಲಿಸಿ ಅದಕ್ಕೆ ತಾಗಿಸಿ ಕಾಂಕ್ರೀಟ್ ಹಾಕಿದರೆ ಎರಡೂ ತಮ್ಮ ತಮ್ಮ ಪಾಡಿಗೆ ಅಲುಗಬಲ್ಲವು. ಕೊನೆಗೆ ಮೇಲಿನ ಸಂದಿಗೆ ರಬ್ಬರಿನಂತೆ ಹಿಗ್ಗುವ ಸೀಲಂಟ್ ತುಂಬಿದರೆ ನೀರು ಇಳಿಯದು.

ಹಲಗೆಯ ಮೇಲೆ ಒತ್ತಡ

ಹಸಿ ಕಾಂಕ್ರೀಟ್ ಸ್ವಲ್ಪ ಹೊತ್ತು ದ್ರವದಂತೆಯೇ ವರ್ತಿಸುತ್ತದೆ, ಅದೂ ನೀರಿನ ಸುಮಾರು ಎರಡೂವರೆ ಪಟ್ಟು ಭಾರದ ದ್ರವ. 45 ಸೆಂ.ಮೀ. ಎತ್ತರದ ಮೂರನೆಯ ಮೆಟ್ಟಿಲಿನ ಬುಡದಲ್ಲಿ ಪಕ್ಕದ ಹಲಗೆಯನ್ನು ಅದು ಒತ್ತುವ ಬಲ ಚದರ ಮೀಟರಿಗೆ ಒಂದು ಟನ್ನಿನಷ್ಟು. ಮೊಳೆ ಹೊಡೆದು ನಿಲ್ಲಿಸಿದ ಹಲಗೆಗೆ ಹೊರಗಿನಿಂದ ಗೂಟ ಬಡಿದು ಓರೆ ಕೊಡದಿದ್ದರೆ ಅದು ಹೊಟ್ಟೆ ಬಿಡುತ್ತದೆ. ಮುಂಭಾಗದ ಏರು ಹಲಗೆಗೆ ನಾಲ್ಕಡಿ ಉದ್ದದ ನಡುವೆ ಒಂದು ಆನಿಕೆ ಬೇಕೇ ಬೇಕು. ಆ ಹಲಗೆಯ ಕೆಳ ಅಂಚನ್ನು ಓರೆಯಾಗಿ ಕೆತ್ತಿಕೊಂಡರೆ ಕೆಳಗಿನ ಹಾಸನ್ನು ಮೂಲೆಯವರೆಗೂ ಕರಣೆಯಿಂದ ಎಳೆಯಲು ಜಾಗ ಸಿಗುತ್ತದೆ. ಹಲಗೆಗೆ ಎಣ್ಣೆ ಸವರಿ, ರಸಮಟ್ಟ ಇಟ್ಟು ಅಡ್ಡಡ್ಡಕ್ಕೆ ಸಮ ನೋಡಿ. ಮುಂದಕ್ಕೆ ಮಾತ್ರ ಹಾಸಿಗೆ 5 ಮಿ.ಮೀ. ಇಳಿಜಾರು ಕೊಡಿ. ಮಳೆನೀರು ಗೋಡೆಯ ಕಡೆಗೆ ಹೋಗದೆ ಅಂಗಳಕ್ಕೆ ಹರಿಯಲು ಅಷ್ಟು ಸಾಕು. ಮುಂದೆ ರೇಲಿಂಗ್ ಹಾಕುವ ಯೋಚನೆಯಿದ್ದರೆ ಅದರ ಕಂಬಕ್ಕೆ ಪಿವಿಸಿ ಪೈಪಿನ ತುಂಡುಗಳನ್ನು ಈಗಲೇ ನಿಲ್ಲಿಸಿಕೊಳ್ಳುವುದು ಜಾಣತನ. ಮನೆಯಲ್ಲಿ ವಯಸ್ಸಾದವರಿದ್ದರೆ ರೇಲಿಂಗನ್ನು ಅಲಂಕಾರವೆಂದು ಎಣಿಸಬೇಡಿ.

ಒಣಗುವುದಲ್ಲ, ಕೂಡುವುದು

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ ಮಾರನೆಯ ದಿನ ಬಿಸಿಲು ಚೆನ್ನಾಗಿ ಬಂದರೆ ಖುಷಿಪಡುವವರಿದ್ದಾರೆ. ಮಣ್ಣಿನ ಗೋಡೆಗೆ ಆ ಮಾತು ಸರಿ. ಸಿಮೆಂಟಿಗೆ ಅದು ತಿರುಗುಮುರುಗು. ಇದನ್ನು ಚೆನ್ನಾಗಿ ತೋರಿಸುವ ಕತೆ ಇಂಗ್ಲೆಂಡಿನ ಪ್ಲಿಮತ್ ಬಳಿಯ ಎಡ್ಡಿಸ್ಟೋನ್ ಬಂಡೆಯದು. ಭರತದಲ್ಲಿ ಮುಳುಗುವ ಆ ಬಂಡೆಯ ಮೇಲೆ 1756ರಿಂದ 1759ರವರೆಗೆ ದೀಪಸ್ತಂಭ ಕಟ್ಟಿದ ಜಾನ್ ಸ್ಮೀಟನ್‌ಗೆ ಸಮುದ್ರದ ನೀರಿನಲ್ಲೂ ಗಟ್ಟಿಯಾಗುವ ಗಾರೆ ಬೇಕಿತ್ತು. ಹಲವು ಊರುಗಳ ಸುಣ್ಣಕಲ್ಲು ಪರೀಕ್ಷಿಸಿದ ಅವನಿಗೆ ಶುದ್ಧ ಸುಣ್ಣಕಲ್ಲಿಗಿಂತ ಜೇಡಿ ಬೆರೆತ ಸುಣ್ಣಕಲ್ಲೇ ನೀರಿನಲ್ಲಿ ಗಟ್ಟಿಯಾಗುತ್ತದೆಂದು ತಿಳಿಯಿತು. ಲೀಡ್ಸ್‌ನ ಗಾರೆ ಕೆಲಸಗಾರ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು ಇದೇ ದಾರಿಯ ಮುಂದಿನ ಹೆಜ್ಜೆ. ನಮ್ಮ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ ಸುರ್ಕಿ ಗಾರೆಯಲ್ಲೂ ಇದೇ ತತ್ತ್ವವಿದೆ: ಸುಣ್ಣದ ಜೊತೆ ಸುಟ್ಟ ಜೇಡಿ, ಅಂದರೆ ಇಟ್ಟಿಗೆ ಪುಡಿ.

ಇವತ್ತಿನ ಸಿಮೆಂಟ್ ಕಾರ್ಖಾನೆಯಲ್ಲಿ ಸುಣ್ಣಕಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂಗಳಲ್ಲಿ ಕಾರ್ಖಾನೆಗಳು ಸಾಲಾಗಿರುವುದು ಅಲ್ಲಿನ ಸುಣ್ಣಕಲ್ಲಿನಿಂದಾಗಿ. ಸುಟ್ಟು ಬಂದ ಗಂಟುಗಳಲ್ಲಿ ಕ್ಯಾಲ್ಸಿಯಂ ಸಿಲಿಕೇಟುಗಳೇ ಹೆಚ್ಚು. ಅವನ್ನು ಸ್ವಲ್ಪ ಜಿಪ್ಸಂ ಜೊತೆ ನುಣ್ಣಗೆ ಅರೆದರೆ ಸಿಮೆಂಟ್. ಜಿಪ್ಸಂ ಇಲ್ಲದಿದ್ದರೆ ನೀರು ಬಿದ್ದ ತಕ್ಷಣ ಅದು ಬಿಗಿದುಕೊಂಡು ಕಲಸಲೂ ಬಿಡುತ್ತಿರಲಿಲ್ಲ. ನೀರು ಬೆರೆತಾಗ ಸಿಲಿಕೇಟುಗಳು ಕರಗಿ, ನೀರನ್ನು ತಮ್ಮೊಳಗೆ ಕಟ್ಟಿಕೊಂಡು ಹೊಸ ವಸ್ತುವಾಗುತ್ತವೆ. ಅತಿ ಸೂಕ್ಷ್ಮವಾದ ಈ ಅಂಟು ಕಣದಿಂದ ಕಣಕ್ಕೆ ಚಾಚಿ ಮರಳು, ಜಲ್ಲಿಗಳನ್ನು ಹಿಡಿದಿಡುತ್ತದೆ. ಜೊತೆಗೆ ಶಾಖ ಹೊರಬೀಳುತ್ತದೆ. ಕೆಲವು ಗಂಟೆಗಳ ನಂತರ ಕಾಂಕ್ರೀಟಿನ ಮೇಲೆ ಅಂಗೈ ಇಟ್ಟರೆ ಬೆಚ್ಚಗಿರುವುದು ಇದೇ ಕಾರಣಕ್ಕೆ. ಹೀಗೆ ಸೇರಿಕೊಂಡ ನೀರು ಮತ್ತೆ ಆವಿಯಾಗಿ ಹೋಗುವುದಿಲ್ಲ; ಅದು ಮೆಟ್ಟಿಲಿನ ಭಾಗವಾಗಿಬಿಡುತ್ತದೆ.

ಚೀಲಕ್ಕೆ ಎಷ್ಟು ನೀರು?

ನೀರು ಬೇಕು ಸರಿ, ಎಷ್ಟು? ಸಿಮೆಂಟ್ ಪೂರ್ತಿ ಕೂಡಲು ಅದರ ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ನೀರು ಸಾಕು, ಅಂದರೆ 50 ಕೆ.ಜಿ. ಚೀಲಕ್ಕೆ 20 ಲೀಟರ್. ಅಷ್ಟೇ ಹಾಕಿದರೆ ಸಲಿಕೆಯಲ್ಲಿ ಕಲಸಲು ತೀರಾ ಗಟ್ಟಿ, ಆದ್ದರಿಂದ ತುಸು ಹೆಚ್ಚು ಹಾಕುತ್ತೇವೆ. ಹೆಚ್ಚಾದ ಪ್ರತಿ ಲೀಟರೂ ಮುಂದೆ ಆವಿಯಾಗಿ ತಾನಿದ್ದ ಜಾಗವನ್ನು ಖಾಲಿ ರಂಧ್ರವಾಗಿ ಬಿಟ್ಟುಹೋಗುತ್ತದೆ. ಷಿಕಾಗೊದ ಲೂಯಿಸ್ ಇನ್‌ಸ್ಟಿಟ್ಯೂಟಿನಲ್ಲಿ ಡಫ್ ಅಬ್ರಾಮ್ಸ್ ಸಾವಿರಾರು ಮಾದರಿಗಳನ್ನು ಒತ್ತಿ ಒಡೆದು 1918ರಲ್ಲಿ ಪ್ರಕಟಿಸಿದ ನಿಯಮ ಇದನ್ನೇ ಹೇಳುತ್ತದೆ: ಒಳ್ಳೆಯ ಸಾಮಗ್ರಿಯ ಕಾಂಕ್ರೀಟಿನ ಬಲವನ್ನು ನಿರ್ಧರಿಸುವುದು ಸಿಮೆಂಟಿಗೂ ನೀರಿಗೂ ಇರುವ ಪ್ರಮಾಣ.

ನಮ್ಮ ಮೆಟ್ಟಿಲಿಗೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಎಂ-ಸ್ಯಾಂಡ್, ಮೂರು ಪಾಲು 20 ಮಿ.ಮೀ. ಜಲ್ಲಿ ಒಳ್ಳೆಯ ಹದ. ಒಟ್ಟು ಮೂರು ಚೀಲ ಸಿಮೆಂಟ್ ಹಿಡಿಯುತ್ತದೆ. ಈ ದರ್ಜೆಯ ಕಾಂಕ್ರೀಟಿಗೆ ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಬೇಡವೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಮರಳಿನ ತೇವವೂ ಈ ಲೆಕ್ಕಕ್ಕೆ ಸೇರುತ್ತದೆ. ಒಂದು ಚೀಲಕ್ಕೆ ಬೇಕಾದ ಸುಮಾರು 80 ಕೆ.ಜಿ. ಮರಳು ನೂರಕ್ಕೆ ಐದರಷ್ಟು ಒದ್ದೆಯಾಗಿದ್ದರೆ ನಾಲ್ಕು ಲೀಟರ್ ನೀರು ಆಗಲೇ ಅದರಲ್ಲಿದೆ. ನೀವು ಸೇರಿಸಬೇಕಾದದ್ದು 26. ‘ಸ್ವಲ್ಪ ಸಡಿಲ ಇರಲಿ’ ಎಂದು ಹತ್ತು ಲೀಟರಿನ ಇನ್ನೊಂದು ಬಕೆಟ್ ಸುರಿದರೆ, ಅಬ್ರಾಮ್ಸ್ ನಿಯಮದ ಪ್ರಕಾರ ಬಲ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಮೂರು ಚೀಲದ ದುಡ್ಡು ಕೊಟ್ಟು ಒಂದೂವರೆ ಚೀಲದ ಮೆಟ್ಟಿಲು ಕಟ್ಟಿದ ಹಾಗೆ. ನೀರನ್ನು ಪೈಪಿನಿಂದ ಬಿಡದೆ ಅಳತೆಯ ಬಕೆಟ್ಟಿನಲ್ಲೇ ಹಾಕಿ.

ಗಟ್ಟಿ ಹದಕ್ಕೆ ಮೆಟ್ಟಿಲಿನಲ್ಲಿ ಇನ್ನೊಂದು ಕಾರಣವೂ ಇದೆ. ಕಾಂಕ್ರೀಟನ್ನು ಕೆಳಗಿನ ಮೆಟ್ಟಿಲಿನಿಂದ ತುಂಬುತ್ತಾ ಹೋಗಬೇಕು. ನೀರು ಹೆಚ್ಚಾಗಿದ್ದರೆ ಮೇಲಿನ ಮೆಟ್ಟಿಲಿನ ಭಾರಕ್ಕೆ ಕೆಳಗಿನದು ಏರು ಹಲಗೆಯ ಅಡಿಯಿಂದ ಉಕ್ಕಿ ಬರುತ್ತದೆ. ಸರಿಯಾದ ಹದದಲ್ಲಿ ಕಲಸಿ, ಒಂದು ಮೆಟ್ಟಿಲು ತುಂಬಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮುಂದಿನದಕ್ಕೆ ಹೋದರೆ ಅದು ತನ್ನ ಜಾಗದಲ್ಲೇ ನಿಲ್ಲುತ್ತದೆ. ಕಂಬಿಯಿಂದ ಮೂಲೆಮೂಲೆ ಕುಕ್ಕಿ, ಹಲಗೆಗೆ ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟಿದರೆ ಗಾಳಿಗುಳ್ಳೆ ಹೊರಬೀಳುತ್ತದೆ.

ಹಸಿ ಸಿಮೆಂಟ್ ಚರ್ಮವನ್ನು ಸುಡುವಷ್ಟು ಕ್ಷಾರೀಯ. ಗಾರೆ ಕೆಲಸದವರ ಬೆರಳ ಸಂದು ಬಿರಿದು ಹುಣ್ಣಾಗಿರುವುದನ್ನು ನಾವೆಲ್ಲ ನೋಡಿದ್ದೇವೆ, ನೋಡಿ ಸುಮ್ಮನಿದ್ದೇವೆ. ಒಂದು ಜೊತೆ ರಬ್ಬರ್ ಕೈಗವಸು, ಗಮ್‌ಬೂಟು ನಿಮಗೂ ಬೇಕು, ನಿಮ್ಮ ಜೊತೆ ದುಡಿಯುವವರಿಗೂ ಬೇಕು.

ಮೇಲ್ಮೈಯ ಆತುರ

ಕಾಂಕ್ರೀಟ್ ತುಂಬಿದ ಮೇಲೆ ಭಾರದ ಜಲ್ಲಿ ಕೆಳಗಿಳಿಯುತ್ತಾ ತೆಳುವಾದ ನೀರಿನ ಪೊರೆ ಮೇಲೆ ಬರುತ್ತದೆ. ಆಗಲೇ ಕರಣೆ ಎಳೆದರೆ ಆ ನೀರು ಮೇಲ್ಪದರದಲ್ಲಿ ಬೆರೆತು, ಪಾದ ತಗಲುವ ಕೆಲವು ಮಿಲಿಮೀಟರೇ ಎಲ್ಲಕ್ಕಿಂತ ದುರ್ಬಲವಾಗುತ್ತದೆ. ನೀರನ್ನು ಹೀರಲೆಂದು ಒಣ ಸಿಮೆಂಟ್ ಉದುರಿಸಿ ನುಣುಪು ಮಾಡುವ ರೂಢಿ ಇನ್ನೂ ಕೆಟ್ಟದ್ದು. ಸಿಮೆಂಟ್ ಹೆಚ್ಚಿರುವ ಆ ಪದರ ಕೆಳಗಿನ ಕಾಂಕ್ರೀಟಿಗಿಂತ ಹೆಚ್ಚು ಕುಗ್ಗಿ, ಜೇಡರ ಬಲೆಯಂಥ ಕೂದಲೆಳೆ ಬಿರುಕು ಬಿಡುತ್ತದೆ, ಕೊನೆಗೆ ಹೊಟ್ಟೆದ್ದು ಬರುತ್ತದೆ. ನೀರಿನ ಹೊಳಪು ತಾನಾಗಿ ಮಾಯವಾಗುವವರೆಗೆ ಕಾಯಿರಿ. ಆಮೇಲೆ ಮರದ ಹಲಗೆಯಿಂದ ಉಜ್ಜಿ, ಅಂಚನ್ನು ತುಸು ಉರುಟಾಗಿಸಿ. ಚೂಪಾದ ಅಂಚು ಮೊದಲ ಪೆಟ್ಟಿಗೇ ಹಾರುತ್ತದೆ. ಕೊನೆಯದಾಗಿ ಕಡ್ಡಿಪೊರಕೆಯನ್ನು ಹಗುರವಾಗಿ ಅಡ್ಡಕ್ಕೆ ಎಳೆಯಿರಿ. ಆ ಸಣ್ಣ ಗೀರುಗಳು ಒದ್ದೆ ಪಾದಕ್ಕೆ ಹಿಡಿತ ಕೊಡುತ್ತವೆ. ಕರಾವಳಿ, ಮಲೆನಾಡುಗಳಲ್ಲಿ ಜೂನ್ ಬಂತೆಂದರೆ ಪಾಚಿ ಹಿಡಿಯುತ್ತದೆ. ಅಲ್ಲಿ ಹೊರಗಿನ ಮೆಟ್ಟಿಲಿಗೆ ಪಾಲಿಶ್ ಗ್ರಾನೈಟ್ ಹಾಕುವುದು ಬೀಳಲು ದಾರಿ ಮಾಡಿಕೊಟ್ಟಂತೆ.

ಬೇಸಿಗೆಯಲ್ಲಿ ಈ ಕೆಲಸವನ್ನು ಸಂಜೆಗೆ ಇಟ್ಟುಕೊಳ್ಳಿ. ಬಿಸಿಗಾಳಿಗೆ ಮೇಲ್ಮೈಯ ನೀರು ಕೆಳಗಿನಿಂದ ಬರುವುದಕ್ಕಿಂತ ಬೇಗ ಆರಿದರೆ ಕಾಂಕ್ರೀಟ್ ಗಟ್ಟಿಯಾಗುವ ಮುಂಚೆಯೇ ಸೀಳುತ್ತದೆ.

ಹತ್ತು ದಿನದ ನೀರು

ಪಕ್ಕದ ಹಲಗೆಗಳನ್ನು ಮರುದಿನ ತೆಗೆಯಬಹುದು. ಕೆಲಸ ಮುಗಿಯಿತೆಂದು ಎಲ್ಲರೂ ಕೈ ತೊಳೆಯುವ ಹೊತ್ತಿಗೆ ರಸಾಯನಕ್ರಿಯೆ ಇನ್ನೂ ಆರಂಭದಲ್ಲಿರುತ್ತದೆ. ಮೊದಲ ವಾರದಲ್ಲಿ ಬರುವುದು 28 ದಿನದ ಬಲದ ಸುಮಾರು ಮೂರನೇ ಎರಡು ಭಾಗ. ಅದೂ ಒಳಗೆ ತೇವ ಇದ್ದರೆ ಮಾತ್ರ. ರಂಧ್ರಗಳೊಳಗಿನ ಆರ್ದ್ರತೆ ನೂರಕ್ಕೆ 80ಕ್ಕಿಂತ ಕೆಳಗಿಳಿದರೆ ಸಿಮೆಂಟ್ ಕೂಡುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮೊದಲು ಆರುವುದು ಮೇಲ್ಮೈ ಮತ್ತು ಅಂಚು, ಅಂದರೆ ಸವೆತವನ್ನೆಲ್ಲ ತಾಳಬೇಕಾದ ಭಾಗ.

ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ ಕನಿಷ್ಠ 7 ದಿನ, ಬಿಸಿಲು ಜೋರಾಗಿದ್ದರೆ 10 ದಿನ ಸತತ ತೇವ ಇರಬೇಕೆನ್ನುತ್ತದೆ ಐಎಸ್ 456. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಹಾರುಬೂದಿ ಬೆರೆಸಿದ ಪಿಪಿಸಿ. ಹಾರುಬೂದಿ ಸಿಮೆಂಟಿನಿಂದ ಹೊರಬಂದ ಸುಣ್ಣದ ಜೊತೆ ನಿಧಾನವಾಗಿ ಸೇರಿ ಅಂಟಾಗುತ್ತದೆ. ಕೊನೆಯಲ್ಲಿ ಅದು ರಂಧ್ರಗಳನ್ನು ಚೆನ್ನಾಗಿ ಮುಚ್ಚುತ್ತದೆ, ಆದರೆ ಸಮಯ ಬೇಡುತ್ತದೆ. ಅದಕ್ಕೆ 10 ದಿನ ಕನಿಷ್ಠ, 14 ದಿನ ಒಳ್ಳೆಯದು. ಬೆಳಿಗ್ಗೆ ಸಂಜೆ ಒಂದೊಂದು ಚೊಂಬು ನೀರು ಎರಚಿ ಮಧ್ಯಾಹ್ನ ಕಾಯಲು ಬಿಡುವುದು ಕ್ಯೂರಿಂಗ್ ಅಲ್ಲ. ನೆನೆದು ಒಣಗಿ ನೆನೆಯುವ ಈ ಆಟದಿಂದಲೇ ಮೇಲ್ಮೈ ಬಿರಿಯುತ್ತದೆ. ಒದ್ದೆ ಗೋಣಿಚೀಲ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ನಾಲ್ಕು ಕಲ್ಲು ಇಟ್ಟರೆ ದಿನಕ್ಕೆ ಎರಡು ಮೂರು ಸಲ ನೋಡಿ ನೀರು ಕೊಟ್ಟರೂ ಸಾಕಾಗುತ್ತದೆ. ನೀರಿನ ಅಭಾವ ಇರುವ ಊರುಗಳಲ್ಲಿ ಈ ಹೊದಿಕೆಯೇ ಉತ್ತಮ ದಾರಿ. ಎರಡು ದಿನದ ಮೇಲೆ ಹಲಗೆ ಹಾಸಿ ಎಚ್ಚರಿಕೆಯಿಂದ ಹತ್ತಿಳಿಯಬಹುದು. ಗ್ರಾನೈಟ್ ಹಾಕುವವರು ಕ್ಯೂರಿಂಗ್ ಮುಗಿಯುವವರೆಗೆ ತಾಳಬೇಕು.

ಈ ಹತ್ತು ಹದಿನಾಲ್ಕು ದಿನ ಮೇಸ್ತ್ರಿ ನಿಮ್ಮ ಅಂಗಳದಲ್ಲಿ ಇರುವುದಿಲ್ಲ. ಎಷ್ಟೇ ನುರಿತವನಾದರೂ ಅವನು ಮುಂದಿನ ಕೆಲಸಕ್ಕೆ ಹೋಗಿರುತ್ತಾನೆ. ಕರಣೆ ಹಿಡಿಯುವ ಕೈಚಳಕದಲ್ಲಿ ನಾವು ಅವನಿಗೆ ಸಾಟಿಯಲ್ಲ. ಆದರೆ ಗೆರೆ ಎಳೆದು ಏರು ಅಳೆಯುವುದು, ಬಕೆಟ್ ಎಣಿಸಿ ನೀರು ಹಾಕುವುದು, ಗೋಣಿಚೀಲ ಆರದಂತೆ ನೋಡಿಕೊಳ್ಳುವುದು ಇವಕ್ಕೆ ಕೈಚಳಕ ಬೇಕಿಲ್ಲ, ಅಲ್ಲೇ ಇರುವವರು ಬೇಕು. ಕಾಂಕ್ರೀಟಿನ ಬಲದ ದೊಡ್ಡ ಪಾಲು ಈ ಕೆಲಸಗಳಲ್ಲೇ ಇದೆ. ಆ ಮನೆಯಲ್ಲಿ ಬಾಳುವವರಿಗಿಂತ ಚೆನ್ನಾಗಿ ಅದನ್ನು ಮಾಡಬಲ್ಲವರು ಇನ್ನೊಬ್ಬರಿಲ್ಲ.